ಸಣ್ಣ ಸಮಾಜದ ಚರಿತ್ರೆ: ಶಾಸನ, ಗೆಜೆಟಿಯರ್ ಮತ್ತು ಕಿರ್ದಿ ಪುಸ್ತಕ

ತಿಕೋಟಾ ತಾಲ್ಲೂಕಿನ ಹೊನವಾಡ ಗ್ರಾಮವನ್ನು ಶಕ 976ರ, ಅಂದರೆ ಕ್ರಿ.ಶ. 1054ರ ಶಾಸನವೊಂದು ಪೊನ್ನವಾಡವೆಂದು ಕರೆಯುತ್ತದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ ಆಗ ಈ ಅಗ್ರಹಾರದ ಆಡಳಿತವನ್ನು ನೋಡಿಕೊಳ್ಳುತ್ತಿದ್ದಳು. ಆಕೆಯ ಅಧಿಕಾರಿಯೂ, ಮೂಲಸಂಘ ಸೇನಗಣದ ಮಹಾಸೇನ ಮುನಿಗಳ ಶಿಷ್ಯನೂ ಆಗಿದ್ದ ಚಾಂಕಿರಾಜನು ಅಲ್ಲಿ ತ್ರಿಭುವನತಿಲಕವೆಂಬ ಚೈತ್ಯಾಲಯವನ್ನು ಕಟ್ಟಿಸಿದನು. ರಾಣಿಯ ಬಿನ್ನಹದ ಮೇರೆಗೆ ಅರಸನು ಅದಕ್ಕೆ ದತ್ತಿ ಬಿಟ್ಟನು. ಶಿವಭಕ್ತ ಅರಸನ ರಾಜ್ಯ, ಬ್ರಾಹ್ಮಣರ ಅಗ್ರಹಾರ, ಅದರ ನಡುವೆ ಜಿನಾಲಯ. ಈ ಮೂರೂ ಒಂದೇ ಕಲ್ಲಿನ ಮೇಲೆ ಯಾವ ವಿರಸವೂ ಇಲ್ಲದೆ ಕುಳಿತಿವೆ.

ವಿಜಯಪುರ ಭಾಗದ ಜೈನ ಸಮಾಜದ ಇತಿಹಾಸವನ್ನು ಬರೆಯ ಹೊರಟವರಿಗೆ ಇಂಥ ಆರಂಭ ದೊರೆಯುವುದು ಭಾಗ್ಯವೇ ಸರಿ. ಆದರೆ ಆರಂಭ ಇಷ್ಟು ಸೊಗಸಾಗಿರುವುದರಿಂದಲೇ ಒಂದು ಕೇಡೂ ಆಗಿದೆ. ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲೋ, ಜೀರ್ಣೋದ್ಧಾರದ ಸಂದರ್ಭದಲ್ಲೋ ಹೊರಬರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಬೇಕು. ಮೊದಲು ಶುಭಸಂದೇಶಗಳು, ಆಮೇಲೆ ದಾನಿಗಳ ಭಾವಚಿತ್ರಗಳು, ಕೊಟ್ಟ ಹಣದ ಗಾತ್ರಕ್ಕೆ ತಕ್ಕಂತೆ ಪೂರ್ಣ ಪುಟ, ಅರ್ಧ ಪುಟ, ಕಾಲು ಪುಟ. ಕಡೆಗೆ ಎರಡು ಪುಟಗಳ ‘ಕ್ಷೇತ್ರದ ಇತಿಹಾಸ’. ಅದು ಚಂದ್ರಗುಪ್ತನಿಂದ ಹೊರಟು, ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಗೆ ನಮಸ್ಕರಿಸಿ, ಚಾಲುಕ್ಯರ ಒಂದು ಶಾಸನವನ್ನು ಮುಟ್ಟಿ, ಮರುವಾಕ್ಯದಲ್ಲೇ ಜೀರ್ಣೋದ್ಧಾರ ಸಮಿತಿ ರಚನೆಯಾದ ವರ್ಷಕ್ಕೆ ಬಂದು ನಿಲ್ಲುತ್ತದೆ. ನಡುವಿನ ಎಂಟು ನೂರು, ಒಂಬತ್ತು ನೂರು ವರ್ಷಗಳಿಗೆ ‘ಕಾಲಾಂತರದಲ್ಲಿ’ ಎಂಬ ಒಂದೇ ಪದ. ಆ ಒಂದು ಪದದೊಳಗೆ ಎಷ್ಟು ಸಂಸಾರಗಳು ಬಾಳಿ ಹೋದವು, ಎಷ್ಟು ಬಸದಿಗಳ ದೀಪ ಆರಿತು ಎಂಬುದನ್ನು ಯಾರೂ ಕೇಳಲಿಲ್ಲ. ಈ ಬಗೆಯ ಇತಿಹಾಸ ಲೇಖನವನ್ನು ವಿಮರ್ಶಿಸುವ ಕಾಲ ಬಂದಿದೆ. ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಅದು ಸಾಕಷ್ಟು ದೂರದಿಂದ ದೊರೆಯುತ್ತದೆ.

ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದಲ್ಲಿ ಗ್ಯೋಪಿಂಗೆನ್ ಎಂಬ ಪಟ್ಟಣದ ಪಕ್ಕಕ್ಕೆ ಜೆಬೆನ್‌ಹೌಸೆನ್ ಎಂಬ ಹಳ್ಳಿಯಿದೆ. 1777ರಲ್ಲಿ ಆ ಊರಿನ ಒಡೆಯರಾಗಿದ್ದ ಲೀಬೆನ್‌ಸ್ಟೈನ್ ಮನೆತನದವರು ಯಹೂದಿ ಕುಟುಂಬಗಳಿಗೆ ರಕ್ಷಣಾಪತ್ರವನ್ನು ಬರೆದುಕೊಟ್ಟು ಅಲ್ಲಿ ನೆಲೆಯೂರಿಸಿದರು. ಯಹೂದಿಗಳಿಗೆ ಪಟ್ಟಣಗಳಲ್ಲಿ ವಾಸಿಸಲು ಅವಕಾಶವಿಲ್ಲದ ಕಾಲವದು. ದನದ ವ್ಯಾಪಾರ, ಬೆನ್ನ ಮೇಲೆ ಗಂಟು ಹೊತ್ತು ಊರೂರು ತಿರುಗಿ ಬಟ್ಟೆಬರೆ ಮಾರುವುದು ಇವೇ ಅವರ ಜೀವನೋಪಾಯ. 1804ರಲ್ಲಿ ಸಿನಗಾಗ್ ಎಂಬ ಪ್ರಾರ್ಥನಾಲಯ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅವರ ಸಂಖ್ಯೆ ಐನೂರನ್ನು ಮೀರಿ ಊರಿನ ಸುಮಾರು ಅರ್ಧದಷ್ಟಾಯಿತು. ಆಮೇಲೆ ಇಳಿಮುಖ. 1847ರಲ್ಲಿ ಗ್ಯೋಪಿಂಗೆನ್‌ಗೆ ರೈಲು ಬಂದಿತು. ನೇಯ್ಗೆಯ ಕಾರ್ಖಾನೆಗಳು ರೈಲಿನ ಹಿಂದೆ ಹೋದವು. ಕಾರ್ಖಾನೆಗಳ ಹಿಂದೆ ಕುಟುಂಬಗಳು ಹೋದವು. ಮುನ್ನೂರಕ್ಕೂ ಹೆಚ್ಚು ಜನ ಅಮೆರಿಕೆಗೆ ಹಡಗು ಹತ್ತಿದರು. (ಇಂದು ಹುಡುಗರು ತೊಡುವ ಜೀನ್ಸ್ ಬಟ್ಟೆಗೆ ಹೆಸರಾದ ಲೆವಿ ಸ್ಟ್ರಾಸ್ ಸಹ ಅದೇ ಕಾಲದಲ್ಲಿ ಬವೇರಿಯಾದ ಬುಟೆನ್‌ಹೈಮ್ ಎಂಬ ಇಂಥದೇ ಹಳ್ಳಿಯಿಂದ ಹೋದವರು.) ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಜೆಬೆನ್‌ಹೌಸೆನ್‌ನ ಯಹೂದಿ ಸಭೆಯನ್ನು ವಿಸರ್ಜಿಸಲಾಯಿತು. ಪ್ರಾರ್ಥನಾಲಯದ ತೂಗುದೀಪಗಳನ್ನೂ ಬೆಂಚುಗಳನ್ನೂ ಊರಿನ ಕ್ರೈಸ್ತ ದೇವಾಲಯಕ್ಕೆ ಕೊಟ್ಟರು. ಸ್ವಲ್ಪ ಕಾಲಕ್ಕೆ ಪ್ರಾರ್ಥನಾಲಯದ ಕಟ್ಟಡವೂ ಇಲ್ಲದಾಯಿತು.

ಇದೆಲ್ಲ ಮುಗಿದ ಮೇಲೆ ಗ್ಯೋಪಿಂಗೆನ್‌ನ ಧರ್ಮಗುರು, ಅಲ್ಲಿಯ ರಬ್ಬಿ, ಆರೋನ್ ಟೆನ್ಸರ್ ಅವರು ಈ ಎರಡು ಊರುಗಳ ಯಹೂದಿಗಳ ಚರಿತ್ರೆಯನ್ನು ಬರೆದು 1927ರಲ್ಲಿ ಪ್ರಕಟಿಸಿದರು. ಈ ಗ್ರಂಥದ ಗುಣ ಯಾವುದು? ಸೊಲೊಮನ್ ಅರಸನ ಕಾಲದ ವೈಭವ ಅಲ್ಲಿಯ ವಿಷಯವಲ್ಲ. ಸರ್ಕಾರಿ ದಫ್ತರ, ಸಭೆಯ ದಾಖಲೆ, ಜನನ-ವಿವಾಹ-ಮರಣದ ಪುಸ್ತಕ ಇವುಗಳನ್ನು ಶೋಧಿಸಿ ಅವರು ಕುಟುಂಬ ಕುಟುಂಬವಾಗಿ ಲೆಕ್ಕ ಒಪ್ಪಿಸಿದರು. ಯಾರು ಬಂದರು, ಯಾರ ಮಗಳು ಯಾರ ಮನೆ ಸೇರಿದಳು, ಯಾರು ಅಮೆರಿಕೆಗೆ ಹೋದರು, ಎಲ್ಲವೂ ಹೆಸರು ಸಹಿತ. ವಣಿಕರ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರಶಸ್ತಿಯಲ್ಲ, ಖಾತೆ ಪುಸ್ತಕ. ಓದುವಾಗ ರೋಮಾಂಚನವಾಗದಿರಬಹುದು, ಆದರೆ ತಾಳೆ ನೋಡಿದರೆ ಲೆಕ್ಕ ಕೂಡುತ್ತದೆ.

ಟೆನ್ಸರ್ 1937ರಲ್ಲಿ ತೀರಿಕೊಂಡರು. 1938ರ ನವೆಂಬರಿನಲ್ಲಿ ಗ್ಯೋಪಿಂಗೆನ್‌ನ ಪ್ರಾರ್ಥನಾಲಯವನ್ನು ನಾಜಿಗಳು ಸುಟ್ಟರು. ಅವರ ಪತ್ನಿ ಬೆರ್ಟಾ ಅವರನ್ನು ಟೆರೆಸಿಯೆನ್‌ಸ್ಟಾಟ್ ಬಂಧನಶಿಬಿರಕ್ಕೆ ಒಯ್ಯಲಾಯಿತು. ಆಕೆ 1943ರಲ್ಲಿ ಅಲ್ಲಿಯೇ ಪ್ರಾಣಬಿಟ್ಟರು. 1927ರಲ್ಲಿ ಪಟ್ಟಿ ಬರೆಯುತ್ತ ಕುಳಿತಿದ್ದವರಿಗೆ ಮುಂದೆ ಇದು ಕಾದಿದೆಯೆಂದು ತಿಳಿದಿರಲಿಲ್ಲ. ಆದರೂ ಜನ ಹೋದ ಮೇಲೆ ಉಳಿದದ್ದು ಆ ಪಟ್ಟಿಯೇ. 1992ರಲ್ಲಿ ಜೆಬೆನ್‌ಹೌಸೆನ್‌ನ ಹಳೆಯ ಕ್ರೈಸ್ತ ದೇವಾಲಯದಲ್ಲಿ, ಪ್ರಾರ್ಥನಾಲಯದಿಂದ ಬಂದ ಆ ತೂಗುದೀಪಗಳ ಕೆಳಗೆಯೇ, ಗ್ಯೋಪಿಂಗೆನ್ ನಗರದವರು ಯಹೂದಿ ವಸ್ತುಸಂಗ್ರಹಾಲಯವನ್ನು ತೆರೆದರು. ನೆರೆಯವರು ಕಾಪಾಡಿದ ದೀಪ, ಒಬ್ಬ ಧರ್ಮಗುರು ಬರೆದಿಟ್ಟ ಹೆಸರು: ಇವೆರಡಿಲ್ಲದಿದ್ದರೆ ಅಲ್ಲಿ ತೋರಿಸುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 1933ರಲ್ಲಿ ಜರ್ಮನಿಯ ಯಹೂದಿಗಳು ಸುಮಾರು 5 ಲಕ್ಷ, ಅಲ್ಲಿಯ ಜನಸಂಖ್ಯೆಯ ಶೇಕಡ 0.77. 2011ರ ಜನಗಣತಿಯಂತೆ ಕರ್ನಾಟಕದ ಜೈನರು 4,40,280, ಶೇಕಡ 0.72. ಅಂಕಿಗಳು ಅಕ್ಕಪಕ್ಕ ನಿಂತದ್ದನ್ನು ಕಂಡು ಯಾರಾದರೂ ವೇದಿಕೆಯ ಮೇಲೆ ‘ಅವರಂತೆಯೇ ಈ ಸಮಾಜವೂ’ ಎಂದು ಭಾಷಣ ಬಿಗಿದರೆ ಅದು ಅಸತ್ಯವಾದೀತು. ಅಲ್ಲಿ ನಡೆದದ್ದು ಒಂದು ರಾಜ್ಯವೇ ಮುಂದೆ ನಿಂತು ನಡೆಸಿದ ಕೊಲೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಜೈನ ಮನೆಗಳು ಕಡಿಮೆಯಾದುದು ಬೇರೆ ಕಾರಣಗಳಿಂದ. ಪರರ ದುಃಖವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಅಸ್ತೇಯ ವ್ರತಕ್ಕೆ ಒಪ್ಪುವ ನಡತೆಯಲ್ಲ. ಹೋಲಿಕೆ ಸಲ್ಲುವುದು 1777ರಿಂದ 1900ರವರೆಗಿನ ಭಾಗಕ್ಕೆ ಮಾತ್ರ: ಸಣ್ಣದೊಂದು ಸಮಾಜ ಹಳ್ಳಿಯಲ್ಲಿ ನೆಲೆಯೂರಿ, ಬೆಳೆದು, ಸದ್ದಿಲ್ಲದೆ ಪಟ್ಟಣಕ್ಕೆ ಕರಗಿಹೋದ ಭಾಗಕ್ಕೆ.

ಆ ಅಳತೆಗೋಲನ್ನು ಹಿಡಿದು ಈ ನಾಡಿನ ಜೈನರನ್ನು ಕುರಿತ ಮೂರು ಪ್ರಸಿದ್ಧ ಗ್ರಂಥಗಳನ್ನು ನೋಡಬಹುದು. ಮೊದಲನೆಯದು 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಇಪ್ಪತ್ತಮೂರನೆಯ ಸಂಪುಟ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಈ ಬಿಜಾಪುರ ಸಂಪುಟ ಪರಕೀಯ ಅಧಿಕಾರಿಯ ಕಣ್ಣಿನದು. ಜಾತಿವಾರು ಮನೆ, ಊಟ, ಉಡುಪು, ಮದುವೆ, ಅಂತ್ಯಕ್ರಿಯೆ ಎಂದು ಕಪಾಟಿನಲ್ಲಿ ಸಾಮಾನು ಜೋಡಿಸಿದಂತೆ ಅದು ಜನರನ್ನು ಜೋಡಿಸುತ್ತದೆ. ಜಾತಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಆದರೂ ಈ ಸಂಪುಟವನ್ನು ಸ್ಮರಣ ಸಂಚಿಕೆಯವರು ಓದಲೇಬೇಕು. 1876–78ರ ಘೋರ ಬರಗಾಲ ಈ ಜಿಲ್ಲೆಯನ್ನು ಹೇಗೆ ಬರಿದು ಮಾಡಿತೆಂಬುದು ಅದರಿಂದ ತಿಳಿಯುತ್ತದೆ. 1872ರ ಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಸುಮಾರು 6.38 ಲಕ್ಷಕ್ಕೆ ಕುಸಿದಿತ್ತು. ಡೋಣಿ ಸಾಲಿನ ಎರೆ ಭೂಮಿಯನ್ನು ನಂಬಿ ಬದುಕಿದ ಯಾವ ಮನೆತನದ ವಂಶಾವಳಿಯೂ ಈ ಬರವನ್ನು ದಾಟದೆ ಬಂದಿಲ್ಲ. ಹೀಗಿದ್ದೂ ಮನೆತನದ ಇತಿಹಾಸಗಳಲ್ಲಿ ಕಟ್ಟಿಸಿದ ಮಾನಸ್ತಂಭದ ಎತ್ತರ ಸಿಗುತ್ತದೆಯೇ ಹೊರತು ಬರದಲ್ಲಿ ಹಗೇವು ತೆಗೆದು ಜೋಳ ಹಂಚಿದವರಾರು, ಹಗೇವನ್ನು ಮುಚ್ಚಿಟ್ಟು ಬೆಲೆ ಏರಲೆಂದು ಕಾದವರಾರು ಎಂಬುದು ಸಿಗುವುದಿಲ್ಲ. ಎರಡನೆಯ ಪ್ರಶ್ನೆ ಕಹಿಯಾದುದು. ಅಪರಿಗ್ರಹದ ಮೇಲೆ ಪ್ರವಚನ ಮಾಡಿಸುವ ಸಮಾಜಕ್ಕೆ ಅದು ಬೇಡವಾದ ಪ್ರಶ್ನೆಯಾಗಬಾರದು.

ಗೆಜೆಟಿಯರ್ ಅಚ್ಚಾದ ವರ್ಷವೇ, 1884ರಲ್ಲಿ, ಹೋಟಗಿ–ಗದಗ ರೈಲುಮಾರ್ಗ ತೆರೆಯಿತು. ಮರುವರ್ಷ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು. ಹಳ್ಳಿಯ ಸಂತೆಯಿಂದ ಪಟ್ಟಣದ ಅಡತಿ ಅಂಗಡಿಗೆ ವ್ಯಾಪಾರ ಸರಿದ ಕಥೆ ಇಲ್ಲಿಂದ ಶುರುವಾಗುತ್ತದೆ. ಗ್ಯೋಪಿಂಗೆನ್‌ಗೆ 1847ರಲ್ಲಿ ಬಂದ ರೈಲನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಡಾ. ಪಿ. ಬಿ. ದೇಸಾಯಿ ಅವರ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಇಂಗ್ಲಿಷ್ ಗ್ರಂಥ. ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1957ರಲ್ಲಿ ಇದನ್ನು ಹೊರತಂದಿತು. ಆ ಮಾಲೆಯ ಸಂಪಾದಕರಲ್ಲಿ ಒಬ್ಬರು ಡಾ. ಆ. ನೇ. ಉಪಾಧ್ಯೆ, ಬೆಳಗಾವಿ ಜಿಲ್ಲೆಯ ಸದಲಗಾ ಎಂಬ ಹಳ್ಳಿ ನಾಡಿಗೆ ಕೊಟ್ಟ ವಿದ್ವಾಂಸರು. ದೇಸಾಯಿಯವರ ಕೃತಿ ಶಾಸನಶಾಸ್ತ್ರದ ಶಿಸ್ತಿಗೆ ಮಾದರಿ. ಅಕ್ಷರ ಸವೆದ ಕಡೆ ಅವರು ಊಹೆಯಿಂದ ತುಂಬುವುದಿಲ್ಲ. ಇಂದಿನ ಉತ್ಸಾಹಿಗಳು ಅದನ್ನು ಕಲಿತರೂ ಸಾಕು. ಆದರೆ ಶಾಸನಕಾರನ ಚರಿತ್ರೆಗೆ ಶಾಸನವೇ ಗಡಿ. ದತ್ತಿ ಬಿಡುವ ಅರಸರು, ಬರೆಸುವ ಸಾಮಂತರು ಇರುವವರೆಗೆ ಕಲ್ಲು ಮಾತನಾಡುತ್ತದೆ. ತೇರದಾಳದಲ್ಲಿ ನೇಮಿನಾಥನ ಬಸದಿ ಕಟ್ಟಿಸಿದ ಗೊಂಕನಂಥವರು, ಗೋಣದ ಬೆಡಂಗಿ ಜಿನಾಲಯಕ್ಕೆ 1047ರಲ್ಲಿ ದತ್ತಿ ಬಿಟ್ಟ ಅಕ್ಕಾದೇವಿಯಂಥವರು ಮರೆಯಾದ ಮೇಲೆ ಕಲ್ಲು ಮೌನವಾಗುತ್ತದೆ. ಕಲ್ಲು ಮೌನವಾದ ಮಾತ್ರಕ್ಕೆ ಜನರು ಇರಲಿಲ್ಲವೆಂದಲ್ಲ. ರಾಜಾಶ್ರಯವಿಲ್ಲದೆ ಉಳಿದವರ ಶ್ರದ್ಧೆ ಆಶ್ರಯವಿದ್ದವರ ಶ್ರದ್ಧೆಗಿಂತ ಕಡಿಮೆಯದಲ್ಲವಷ್ಟೆ. ದೇಸಾಯಿಯವರನ್ನು ಇದಕ್ಕಾಗಿ ದೂರುವಂತಿಲ್ಲ. ಅವರು ಹೇಳ ಹೊರಟ ವಿಷಯವೇ ಬೇರೆ. ಅವರಾದ ಮೇಲೂ ಅಲ್ಲಿಯೇ ನಿಂತವರನ್ನು ಕೇಳಬೇಕಾಗಿದೆ.

ಮೂರನೆಯದು ಡಾ. ವಿಲಾಸ ಸಂಗವೆ ಅವರು ಜೈನ ಸಮಾಜವನ್ನು ಕುರಿತು 1959ರಲ್ಲಿ ಪ್ರಕಟಿಸಿದ ಸಾಮಾಜಿಕ ಅಧ್ಯಯನ. ಇಲ್ಲಿ ಜೀವಂತ ಜನರಿದ್ದಾರೆ. ಚತುರ್ಥ, ಪಂಚಮ ಮೊದಲಾದ ಒಳಪಂಗಡಗಳು, ಅವರ ವೃತ್ತಿ, ಮದುವೆ, ಹರಡಿಕೊಂಡ ಬಗೆ ಎಲ್ಲವೂ ಬರುತ್ತವೆ. ಜೈನರೆಂದರೆ ವ್ಯಾಪಾರಿಗಳೇ ಎಂಬ ಉತ್ತರ ಭಾರತದ ಕಲ್ಪನೆಯನ್ನು ಈ ಗ್ರಂಥ ತಿದ್ದುತ್ತದೆ. ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಚತುರ್ಥರು ಮುಖ್ಯವಾಗಿ ಒಕ್ಕಲು ಮಕ್ಕಳೆಂಬುದನ್ನು ಎತ್ತಿ ಹೇಳುತ್ತದೆ. ಆದರೆ ಇಡೀ ಭಾರತವನ್ನು ಒಂದೇ ಹೊತ್ತಿಗೆಯಲ್ಲಿ ಹಿಡಿಯಬೇಕಾದುದರಿಂದ ಹಳ್ಳಿಯೊಂದರ ಮನೆ ಮನೆಯ ಲೆಕ್ಕ ಅದರಲ್ಲಿ ಇರಲಾರದು. ಟೆನ್ಸರ್ ಮಾಡಿದ ಕೆಲಸ ಹೀಗೆ ಮೂವರಿಂದಲೂ ಉಳಿದೇ ಹೋಗಿದೆ. ಅದನ್ನು ಮಾಡಬೇಕಾದವರು ವಿದ್ವಾಂಸರಲ್ಲ; ಊರವರು, ಬಸದಿಗಳ ವಿಶ್ವಸ್ತರು.

ಆ ಕೆಲಸಕ್ಕೆ ಸಾಮಗ್ರಿಯಿಲ್ಲವೆಂಬ ಮಾತು ನಿಜವಲ್ಲ. ಬಿಜಾಪುರ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯಂತೆ ದೇವಸ್ಥಾನ, ಬಸದಿಗಳು ನೋಂದಣಿಗೆ ಅರ್ಜಿ ಕೊಡಬೇಕಾಯಿತು. ಆ ಅರ್ಜಿಯಲ್ಲಿ ವಿಶ್ವಸ್ತರ ಹೆಸರು, ಅವರ ಉತ್ತರಾಧಿಕಾರ ನಡೆದು ಬಂದ ರೀತಿ, ಸ್ಥಿರ ಮತ್ತು ಚರ ಆಸ್ತಿ, ವಾರ್ಷಿಕ ಉತ್ಪನ್ನ ಎಲ್ಲವನ್ನೂ ತೋರಿಸಬೇಕಿತ್ತು. ಆಮೇಲೆ ವರ್ಷ ವರ್ಷ ಲೆಕ್ಕ ತಪಾಸಣೆ. ಅಂದರೆ ಎಪ್ಪತ್ತು ವರ್ಷಗಳ ಹಿಂದೆ ಯಾವ ಬಸದಿಗೆ ಎಷ್ಟು ಎಕರೆ, ಎಷ್ಟು ಮೂರ್ತಿ, ಎಷ್ಟು ಹಿತ್ತಾಳೆ ಪಾತ್ರೆ ಇದ್ದವು ಎಂಬುದರ ಲಿಖಿತ ಸಾಕ್ಷ್ಯ ಸಿದ್ಧವಾಗಿತ್ತು. ಅದರ ಪ್ರತಿ ಎಷ್ಟು ವಿಶ್ವಸ್ತ ಮಂಡಳಿಗಳ ತಿಜೋರಿಯಲ್ಲಿದೆ? ಜಮೀನಿನ ಉತಾರ, ರೋಜುಮೇಳ, ಕಿರ್ದಿ, ಖಾತೆ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ, ಇಲ್ಲವೇ ಹೊಸ ಸಭಾಭವನ ಕಟ್ಟುವಾಗ ರದ್ದಿಗೆ ಹೋಗುತ್ತಿವೆ. ಹಳೆಯ ಪುಸ್ತಕಗಳಲ್ಲಿ ಬಹಳಷ್ಟು ಮೋಡಿ ಲಿಪಿಯವು. ಜತ್ತ, ಸಾಂಗಲಿ, ಕೊಲ್ಹಾಪುರಗಳೊಡನೆ ಕೊಡುಕೊಳು ಇದ್ದ ಈ ಸೀಮೆಯಲ್ಲಿ ಅದು ಸಹಜ. ಮೋಡಿ ಓದಬಲ್ಲವರು ಈಗ ಬೆರಳೆಣಿಕೆಯಷ್ಟು. ಓದಲು ಬಾರದ್ದು ಬೇಡವಾದದ್ದು ಎಂಬ ತೀರ್ಮಾನಕ್ಕೆ ಬರಲು ಒಂದು ಕ್ಷಣ ಸಾಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬ ಎರಡು ದೋಷಗಳನ್ನು ಆಚಾರ್ಯರು ಒಟ್ಟಿಗೆ ಎಣಿಸಿದ್ದಾರೆ. ಸುಳ್ಳು ಲೇಖ ಬರೆಯುವುದು ಒಂದು. ನಂಬಿ ಇಟ್ಟ ಒತ್ತೆಯನ್ನು ಇಲ್ಲವಾಗಿಸುವುದು ಇನ್ನೊಂದು. ಇವು ಅಂಗಡಿಯ ವ್ಯವಹಾರಕ್ಕೆ ಮಾತ್ರ ಅನ್ವಯಿಸುತ್ತವೆಂದು ತಿಳಿಯಲಾಗಿದೆ. ಆಧಾರವಿಲ್ಲದೆ ಬಸದಿಯ ಫಲಕದ ಮೇಲೆ ‘ಎರಡು ಸಾವಿರ ವರ್ಷಗಳ ಪ್ರಾಚೀನ’ ಎಂದು ಬರೆಸುವುದು ಯಾವ ಲೇಖ? ಮೂರ್ತಿಗೆ ಹೊಳಪು ಬರಿಸುವ ಭರದಲ್ಲಿ ಪೀಠದ ಮೇಲಿನ ಎರಡು ಸಾಲಿನ ಲೇಖವನ್ನು ಉಜ್ಜಿ ಹಾಕುವುದು, ಪೂರ್ವಿಕರು ಕೈಗೊಪ್ಪಿಸಿದ ಕಿರ್ದಿಯನ್ನು ತೂಕಕ್ಕೆ ಹಾಕುವುದು ಒತ್ತೆಯ ಅಪಹಾರವಲ್ಲದೆ ಮತ್ತೇನು? ಊರಿನ ಯಾವುದೇ ಹಳೆಯ ಗುಡಿಯನ್ನು ತೋರಿಸಿ ‘ಇದೂ ಮೂಲದಲ್ಲಿ ಬಸದಿಯೇ’ ಎನ್ನುವ ಚಪಲವೂ ಇದೇ ಜಾತಿಯದು. ಶಾಸನವೋ ಶಿಲ್ಪವೋ ಸ್ಪಷ್ಟವಾಗಿ ಹೇಳಿದರೆ ಅದನ್ನು ದಾಖಲಿಸಬೇಕು. ಹೇಳದಿದ್ದರೆ ಸುಮ್ಮನಿರಬೇಕು. ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಅತಿಚಾರವೆಂದ ಶಾಸ್ತ್ರ ಇತಿಹಾಸದ ತಕ್ಕಡಿಗೆ ವಿನಾಯಿತಿ ಕೊಟ್ಟಿಲ್ಲ.

ಹಳ್ಳಿಯ ಬಸದಿಗಳು ಬಡವಾದ ಕಾರಣಗಳನ್ನು ಬರೆಯುವಾಗಲೂ ಈ ತಕ್ಕಡಿ ಬೇಕು. ಹನ್ನೆರಡನೆಯ ಶತಮಾನದ ಮತಸಂಘರ್ಷಗಳ ನೆನಪು ಸಾಹಿತ್ಯದಲ್ಲೂ ಶಾಸನದಲ್ಲೂ ಉಳಿದಿದೆ. ಅಬ್ಬಲೂರಿನ ಏಕಾಂತದ ರಾಮಯ್ಯನ ಶಾಸನ ಎಲ್ಲರಿಗೂ ತಿಳಿದದ್ದೇ. ಆದರೆ ಅದೊಂದನ್ನೇ ಹಿಡಿದು ಎಂಟು ನೂರು ವರ್ಷಗಳ ಕ್ಷಯವನ್ನು ವಿವರಿಸುವುದು ಸೋಮಾರಿತನ. ಹತ್ತಿರದ ಕಾರಣಗಳು ಕಣ್ಣ ಮುಂದೆಯೇ ಇವೆ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿತು. ಹಳ್ಳಿಯ ಹುಡುಗರು ಓದಿದರು. ಓದಿದವರು ವಕೀಲರಾದರು, ಮಾಸ್ತರರಾದರು, ಮರಳಿ ಹಳ್ಳಿಗೆ ಬರಲಿಲ್ಲ. ಸಮಾಜದ ಅತ್ಯುತ್ತಮ ಕೆಲಸವೇ ಹಳ್ಳಿಯ ಮನೆಗೆ ಬೀಗ ಹಾಕಿತೆಂಬುದು ವಿಚಿತ್ರವಾದರೂ ಸತ್ಯ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಗೆ ಕೊಟ್ಟಿದ್ದ ಜಮೀನು ಉಳುವವನದಾಯಿತು. ಭೂಮಿಯ ಉತ್ಪನ್ನವನ್ನೇ ನಂಬಿದ್ದ ಪೂಜೆ ಬಡವಾಯಿತು, ಪೂಜೆಯನ್ನು ನಂಬಿದ್ದ ಉಪಾಧ್ಯೆಯ ಸಂಸಾರ ಊರು ಬಿಟ್ಟಿತು. ಉಳುತ್ತಿದ್ದವನ ದೃಷ್ಟಿಯಿಂದ ನೋಡಿದರೆ ಅದೇ ಕಾನೂನು ತಲೆಮಾರುಗಳ ಬೆವರಿಗೆ ಸಂದ ನ್ಯಾಯ. ಅನೇಕಾಂತವನ್ನು ನಂಬಿದವರು ಬರೆಯುವ ಊರಿನ ಇತಿಹಾಸದಲ್ಲಿ ಆ ಗೇಣಿದಾರನ ಮಾತಿಗೂ ಒಂದು ಪುಟ ಇರಬೇಕು. ಅವನ ಮನೆಯವರಿಗೆ ಬಸದಿಯ ಬಗ್ಗೆ ವಿಶ್ವಸ್ತರಿಗಿಂತ ಹೆಚ್ಚು ಗೊತ್ತಿರುವ ಸಂಭವವೂ ಉಂಟು.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕಾದುದು. ಪೊನ್ನವಾಡದ ಕಲ್ಲಿನ ಮೇಲೆ ರಾಣಿಯ ಹೆಸರಿದೆ. ಒಂಬತ್ತು ಶತಮಾನಗಳ ಬಳಿಕ ಅಚ್ಚಾಗುವ ವಂಶವೃಕ್ಷಗಳಲ್ಲಿ ತಂದೆ, ಮಗ, ಮೊಮ್ಮಗ. ತಾಯಿಯ ಹೆಸರು ಇಲ್ಲ. ಯಾವ ಊರಿನಿಂದ ಸೊಸೆ ಬಂದಳು, ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದು ತಿಳಿಯದೆ ಸಣ್ಣ ಸಮಾಜವೊಂದರ ಹರವು ಹೇಗೆ ತಿಳಿದೀತು? ಟೆನ್ಸರ್ ಅವರ ಪಟ್ಟಿಗಳಲ್ಲಿ ಹೆಂಡತಿಯರ, ಹೆಣ್ಣುಮಕ್ಕಳ ಹೆಸರು ಇದ್ದುದರಿಂದಲೇ ಅಮೆರಿಕೆಯ ಮರಿಮಕ್ಕಳು ತಮ್ಮ ಮೂಲದ ಊರನ್ನು ಹುಡುಕಿಕೊಂಡು ಬರಲು ಸಾಧ್ಯವಾಯಿತು.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಗೂ ತಿಕೋಟಾ ತಾಲ್ಲೂಕಿನ ಬಾಬಾನಗರದ ಪಾರ್ಶ್ವನಾಥನಿಗೂ ದೂರದೂರಿನ ಯಾತ್ರಿಕರು ಬರುತ್ತಾರೆ. ಅವುಗಳ ಕೀರ್ತಿಗೆ ಹೊಸ ಸಂಚಿಕೆಗಳ ಅಗತ್ಯವಿಲ್ಲ. ಅಗತ್ಯವಿರುವುದು ಯಾತ್ರಿಕರು ಹೋಗದ ಊರುಗಳಿಗೆ: ಒಂದೇ ಮನೆ ಉಳಿದಿರುವ ಊರು, ದೀಪಾವಳಿಗೆ ಮಾತ್ರ ಬಾಗಿಲು ತೆರೆಯುವ ಬಸದಿ, ಕೀಲಿಕೈಯನ್ನು ನೆರೆಯ ಲಿಂಗಾಯತ ಅಥವಾ ಮುಸ್ಲಿಂ ಮನೆಯಲ್ಲಿ ನಂಬಿ ಇಟ್ಟುಹೋದ ಊರು. ತಿಕೋಟಾ ಮತ್ತು ಬಬಲೇಶ್ವರ ಈಗ ಸ್ವತಂತ್ರ ತಾಲ್ಲೂಕುಗಳು. ಏತ ನೀರಾವರಿಯ ನೀರು ಹರಿದು, ದ್ರಾಕ್ಷಿ ಬೆಳೆದು, ಹಳ್ಳಿಗಳಿಗೆ ಹಣ ಬಂದಿದೆ. ಹಣದ ಜೊತೆಗೆ ಹಳೆಯದನ್ನು ಕೆಡವಿ ಅಮೃತಶಿಲೆ ಹಾಸುವ ಉಮೇದೂ ಬಂದಿದೆ. ಕೆಡಹುವ ಮುನ್ನ ಗೋಡೆಯ, ಪೀಠದ, ಬಾಗಿಲುವಾಡದ ಪ್ರತಿ ಅಕ್ಷರದ ಛಾಯಾಚಿತ್ರ ತೆಗೆಸುವುದಕ್ಕೆ ಸಮಿತಿಯ ಅಂದಾಜು ಪತ್ರಿಕೆಯಲ್ಲಿ ಎಷ್ಟು ಹಣ ತೆಗೆದಿಡಲಾಗುತ್ತದೆ ಎಂದು ದಾನಿಗಳು ಕೇಳಬಹುದು. ಕಾಲು ಪುಟದ ಭಾವಚಿತ್ರಕ್ಕಿಂತ ಅದಕ್ಕೆ ಖರ್ಚು ಕಡಿಮೆ. ಮೋಡಿ ಬಲ್ಲವರೊಬ್ಬರನ್ನು ಕರೆಸಿ ಒಂದು ತಿಂಗಳು ಊಟ ವಸತಿ ಕೊಟ್ಟು ಕಿರ್ದಿಗಳನ್ನು ಓದಿಸುವುದಕ್ಕೂ ಹಾಗೆಯೇ. ಅವುಗಳಲ್ಲಿ ಮೊದಲು ಓದಿಸಬೇಕಾದವು 1876ರಿಂದ 1878ರವರೆಗಿನ ಪುಸ್ತಕಗಳು.